ಗೋಕಿಲಾಳ ಸಿಟ್ಟು, ಹದಿನಾಲ್ಕನೇ ಕಂತು

2024ರ ಜೂನ್ 11, ಮಂಗಳವಾರ. ಬೆಳಿಗ್ಗೆ 10 ಗಂಟೆ 25 ನಿಮಿಷ.

ಕೊಯಮತ್ತೂರಿನ ಪೀಳಮೇಡಿನಲ್ಲಿ ಒಂದು ಡಬ್ಬಿಂಗ್ ಸ್ಟುಡಿಯೋ. ಗಾಜಿನ ಈಚೆ ಸೌಂಡ್ ಎಂಜಿನಿಯರ್ ಗೋಕಿಲಾ. ಗಾಜಿನ ಆಚೆ, ಅವಳು ಅಂದೇ ಮೊದಲ ಸಲ ನೋಡುತ್ತಿದ್ದ ಒಬ್ಬ ಹುಡುಗ. ಪರದೆಯ ಮೇಲೆ ಒಂದು ಯುದ್ಧನೌಕೆ ಸದ್ದಿಲ್ಲದೆ ಹೊತ್ತಿ ಉರಿಯುತ್ತಿತ್ತು.

"ಸಾರ್, ಕೊಂಜ ಹಾಳೆ ಅಲ್ಲಾಡಿಸ್ದೆ ಪೇಸಿ. ಪೇಪರ್ ಸದ್ದು ಬತ್ತೈತೆ," ಎಂದಳು ಅವಳು ಮೈಕಿನಲ್ಲಿ, ತಮಿಳು ಬೆರೆತ ತನ್ನ ಮನೆಯ ಕನ್ನಡದಲ್ಲಿ.

ಹುಡುಗ ನಕ್ಕುಬಿಟ್ಟ!

ಗೋಕಿಲಾಳ ಕಿವಿ ಬಿಸಿಯಾಯಿತು. "ಏನ್ ಸಿರಿಪ್ಪು?"

"ಸಾರಿ... ಇದು ಯಾವ ಊರಿನ ಕನ್ನಡ ಅಂತ..."

"ನಮ್ಮ ಮುತ್ತಾತನ ಮುತ್ತಾತ ಧಾರಾಪುರಕ್ಕೆ ಹೊತ್ಕೊಂಡು ಬಂದ ಕನ್ನಡ! ನಿಮ್ಮೂರಲ್ಲಿ ಸಿಕ್ಕೋದು ಮಾತ್ರ ಕನ್ನಡ ಅಂತ ಯಾರ್ ಸೊಲ್ಲಿದ್ದು? ನಕ್ಕು ಮುಗೀತಾ? ಟೇಕ್ ಎರಡು!"

ಅವನ ನಗು ಅಲ್ಲೇ ಸತ್ತಿತು. ಟೇಕ್ ಎರಡರಲ್ಲಿ ಅವನು ಅಕ್ಷರಶಃ ತೊದಲಿದ.

ಹುಡುಗನ ಹೆಸರು ಜೀವನ್. ಅರಸೀಕೆರೆಯವನು. 'ಏಳು ಸೂರ್ಯರ ಸಮರ' ಎಂಬ ಇಪ್ಪತ್ತಾರು ಕಂತಿನ ಅನಿಮೇಷನ್ ಸರಣಿಗೆ ಕನ್ನಡ ಸಂಭಾಷಣೆ ಬರೆಯಲು ಬಂದಿದ್ದ. ಏಳು ಸೂರ್ಯಮಂಡಲಗಳು ಒಂದನ್ನೊಂದು ಸುಡುವ ಕಥೆ. ಬರೆದ ಮಾತನ್ನು ಮೊದಲು ಅವನೇ ಓದಿ ಗೈಡ್ ದನಿ ಕೊಡಬೇಕು. ಆಮೇಲೆ ಕಲಾವಿದರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ತಮ್ಮ ದನಿ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಗೈಡ್ ಅಳಿಸಿಹೋಗುತ್ತದೆ.

ಗೋಕಿಲಾಗೆ ಆ ನಗು ಹೊಸದಲ್ಲ. ಶಾಲೆಯಲ್ಲಿ ಅವಳು 'ಕನ್ನಡಕ್ಕಾರಿ'. ಮೈಸೂರಿಗೆ ಪ್ರವಾಸ ಹೋದರೆ 'ತಮಿಳಿನವಳು'. ಭೌತಶಾಸ್ತ್ರದಲ್ಲಿ ಪದವಿ ಪಡೆದಿದ್ದಳು. ಎರಡು ಗ್ರಹಗಳ ನಡುವಿನ ಸೆಳೆತ ಲೆಕ್ಕ ಹಾಕಬಲ್ಲಳು. ಆದರೆ ಎರಡು ಊರುಗಳ ನಡುವೆ ತನ್ನ ಜಾಗ ಎಲ್ಲಿ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ.

ಇನ್ನೊಂದು ಗುಟ್ಟೂ ಇತ್ತು. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವಳ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಅವಳು ದನಿಯ ಅಲೆ ನೋಡಿ, ಸೆಕೆಂಡಿನ ಅಂಕಿ ನೋಡಿ ಕೆಲಸ ಮಾಡುತ್ತಿದ್ದಳು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮಾರನೆಯ ದಿನ ಜೀವನ್ ಬಾಗಿಲಲ್ಲಿ ನಿಂತ. "ನಿನ್ನೆ ನಕ್ಕಿದ್ದು ತಪ್ಪು."

"ತಪ್ಪು ಅದೊಂದೇ ಅಲ್ಲ. ನಿಮ್ಮ ಸೇನಾಪತಿ ಹನ್ನೊಂದು ಸೆಕೆಂಡು ಮಾತಾಡ್ತಾನೆ. ಅವನ ಬಾಯಿ ಆಡೋದು ಏಳು ಸೆಕೆಂಡು. ಮಿಕ್ಕ ನಾಲ್ಕು ಸೆಕೆಂಡು ಕಿವೀಲಿ ಪೇಸ್ತಾನಾ?"

ಈ ಸಲ ಅವನು ನಕ್ಕಾಗ ಅವಳಿಗೂ ನಗು ತಡೆಯಲಾಗಲಿಲ್ಲ.

ಹಾಗೆ ಜಗಳವಾಡುತ್ತಲೇ ಹದಿಮೂರು ಕಂತು ಮುಗಿದವು. ಅವನು 'ನೀವು' ಬಿಟ್ಟು 'ನೀನು' ಎಂದ ದಿನ ಅವಳು ಗಮನಿಸದ ಹಾಗೆ ನಟಿಸಿದಳು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಮಾತ್ರ ಆ ಒಂದು ಪದವನ್ನು ಮನಸ್ಸಿನಲ್ಲಿ ಎಷ್ಟೋ ಸಲ ಹಿಂದಕ್ಕೆ ತಿರುಗಿಸಿ ಕೇಳಿದಳು...

ಹದಿನಾಲ್ಕನೇ ಕಂತಿನಲ್ಲಿ ಒಬ್ಬಳು ಮುದುಕಿ ಬರುತ್ತಾಳೆ. ಶತ್ರುಗಳ ನೌಕೆಗಳು ನೆತ್ತಿಯ ಮೇಲೆ ನಿಂತರೂ ತನ್ನ ಗ್ರಹ ಬಿಡದವಳು. ಜೀವನ್ ಐದು ಸಲ ಬರೆದ, ಐದು ಸಲ ಹರಿದ.

"ನನ್ನ ಮಾತೆಲ್ಲ ಪಠ್ಯಪುಸ್ತಕದ ಹಾಗಿದೆ ಗೋಕಿಲಾ. ಈ ಮುದುಕಿ ಹಾಗೆ ಮಾತಾಡಲ್ಲ. ನೀನು ಫೋನಿನಲ್ಲಿ ನಿಮ್ಮ ಅಜ್ಜಿ ಹತ್ತಿರ ಮಾತಾಡ್ತೀಯಲ್ಲ, ಹಾಗೆ ಮಾತಾಡ್ತಾಳೆ. ಅವರ ಬಾಯಲ್ಲೇ ಹೇಳಿಸೋಣವಾ?"

ಅವಳ ಎದೆಯಲ್ಲಿ ಭಯವೂ ಹೆಮ್ಮೆಯೂ ಒಟ್ಟಿಗೆ ಎದ್ದವು. "ಯಾರೂ ನಗಬಾರದು."

"ನಾನಿದ್ದೀನಲ್ಲ."

ಇಬ್ಬರೂ ಧಾರಾಪುರಕ್ಕೆ ಬಸ್ ಹತ್ತಿದರು. ಅವಳ ಅಮ್ಮನ ಅಮ್ಮ, ಅವಳು 'ಅಮ್ಮುಚ್ಚಿ' ಎಂದು ಕರೆಯುವ ಎಪ್ಪತ್ತೆಂಟರ ಸಾಮಿಯಾತಾಳ್, ಜೀವನ್‌ನನ್ನು ನೋಡಿದ ಕೂಡಲೇ ಕೇಳಿದ್ದು ಒಂದೇ. "ಉಂಡ್ಯಾ ಕಣ್ಣು?" ಕಣ್ಣು ಎಂದರೆ ಅವರ ಬಾಯಲ್ಲಿ ಮುದ್ದಿನ ಮಗು. ಉಂಡ ಮೇಲೆ ಕಥೆ ಕೇಳಿದರು. ಕಥೆ ಮುಗಿದಾಗ ಅವರ ಮುಖ ಕೆಂಪಾಗಿತ್ತು. ಅಂಗಳದಲ್ಲಿ ನಿಂತು, ಮೈಕು ಮರೆತು, ಆಕಾಶಕ್ಕೆ ಕೈ ತೋರಿಸಿ ಕೂಗಿದರು:

"ಈ ಮಣ್ಣ ಬುಟ್ಟು ಎಲ್ಲಿಗ್ ಓಗ್ಲಿ? ನೀ ಬಾನದಾಗೆ ನಿಂತಿದ್ದೀ. ನಾ ನೆಲದಾಗೆ ನಿಂತಿದ್ದೀನಿ. ಬಿದ್ರೆ ಯಾರ್ಗೆ ನೋವು? ನೀನೇ ಸೊಲ್ಲು!"

ಜೀವನ್‌ನ ಕಣ್ಣು ತುಂಬಿತ್ತು. ಅದನ್ನು ನೋಡಿದ ಗಳಿಗೆಯಲ್ಲಿ ಗೋಕಿಲಾಗೆ ಗೊತ್ತಾಯಿತು... ಇನ್ನು ಹಿಂದಕ್ಕೆ ದಾರಿಯಿಲ್ಲ.

ಮುಂದಿನ ಗುರುವಾರ ಅವಳು ರಜೆಯಲ್ಲಿದ್ದಳು. ಶುಕ್ರವಾರ ಬಂದು ಹದಿನಾಲ್ಕನೇ ಕಂತು ತೆರೆದಳು.

ಪರದೆಯ ಮೇಲೆ ತಗಡಿನ ರೋಬೋಗಳ ಗುಂಪೊಂದು ಕುಣಿಯುತ್ತಿತ್ತು. ಸರಣಿಯ ಕೋಡಂಗಿಗಳು. ಒಂದು ರೋಬೋ ಕಾಲು ಜಾರಿ, ಪೃಷ್ಠ ಊರಿ, ಉರುಳಿ ಬಿತ್ತು. ಅದರ ಬಾಯಿಂದ ಅಮ್ಮುಚ್ಚಿಯ ದನಿ!

"ಬಿದ್ರೆ ಯಾರ್ಗೆ ನೋವು? ನೀನೇ ಸೊಲ್ಲು!"

ಹಿಂದೆ ನಿಂತಿದ್ದ ಇಬ್ಬರು ಸಹಾಯಕರು ಹೊಟ್ಟೆ ಹಿಡಿದು ನಕ್ಕರು.

ಗೋಕಿಲಾ ದೃಶ್ಯ ನಿಲ್ಲಿಸಿದಳು. ಮೇಜಿನ ಮೇಲೆ ಆ ಕಂತಿನ ಹಾಳೆ ಇತ್ತು. ಮೇಲೆ ರೋಬೋದ ಚಿತ್ರ, ನಡುವೆ ಅವಳಿಗೆ ಓದಲಾಗದ ಸಾಲುಗಳು, ಕೆಳಗೆ ಇಂಗ್ಲಿಷಿನಲ್ಲಿ ಜೀವನ್‌ನ ರುಜು.

ಅವನೇ! ಇದಕ್ಕೇ ಅಷ್ಟು ದೂರ ಬಂದನಾ? ಉಂಡು, ಅತ್ತು, ಕದ್ದುಕೊಂಡು ಹೋದನಾ?

ಕ್ಯಾಂಟೀನಿನಲ್ಲಿ, ಎಲ್ಲರ ಎದುರು, ಅವಳು ಹಾಳೆಯನ್ನು ಅವನ ಎದೆಗೆ ಬಡಿದಳು.

"ನನ್ನ ನೋಡಿ ನಕ್ಕದ್ದು ಸಾಲದಾ? ಎಪ್ಪತ್ತೆಂಟು ವಯಸ್ಸಿನ ಮುದುಕಿಯ ತಂದು ಬೊಮ್ಮೆ ಮಾಡಿ ಆಡಿಸ್ತೀಯಾ?"

ಜೀವನ್ ಬಿಳಿಚಿಕೊಂಡ. "ಗೋಕಿಲಾ, ನಾನಲ್ಲ..."

"ರುಜು ಯಾರದು?"

"ನಂದೇ! ಅದರ ಮೇಲೆ ಏನಿದೆ ನೋಡು. ಓದು ಮೊದಲು. ಓದೋಕೆ ಬರಲ್ವಾ ನಿನಗೆ?"

ಅವನಿಗೆ ಅದು ಸಿಟ್ಟಿನಲ್ಲಿ ಆಡಿದ ಮಾತು. ಅವಳಿಗೆ ಅದು ಇಷ್ಟು ವರ್ಷ ಮುಚ್ಚಿಟ್ಟ ಗಾಯದ ಮೇಲೆ ಕಾಲಿಟ್ಟ ಹಾಗಾಯಿತು.

ಗೊತ್ತಿದೆ ಇವನಿಗೆ... ಗೊತ್ತಿದ್ದೂ ಕೇಳ್ತಾನೆ!

"ಇನ್ನು ನನ್ನ ಮುಂದೆ ಬರಬೇಡ," ಎಂದಳು. ದನಿ ನಡುಗಲಿಲ್ಲ. ಅಷ್ಟು ಸಿಟ್ಟು.

ಅವನ ಸಿಟ್ಟೂ ಏರಿತು. "ನಾನು ಅಂಥವನು ಅಂತ ಒಂದು ನಿಮಿಷಕ್ಕೆ ತೀರ್ಮಾನ ಮಾಡಿದೆಯಲ್ಲ, ಭೇಷ್!" ಚೀಲ ಎತ್ತಿಕೊಂಡು ಹೊರಟೇಹೋದ.

ಶನಿವಾರ ಹಿನಾ ಬಂದಳು. ಬಳ್ಳಾರಿಯವಳು, ವಾರವೆಲ್ಲ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಲೆಕ್ಕ ಬರೆದು, ಶನಿವಾರ ಇಲ್ಲಿ ಸರಣಿಯ ರಾಜಕುಮಾರಿಗೆ ದನಿಯಾಗುವವಳು. ಗೋಕಿಲಾ ಅವಳಿಗೆ ಅದೇ ಹದಿನಾಲ್ಕನೇ ಕಂತಿನ ಹಾಳೆ ಕೊಟ್ಟು ಗಾಜಿನ ಈಚೆ ಕುಳಿತಳು.

"ಹಿನಾ ಅಕ್ಕಾ, ಲೆವೆಲ್ ನೋಡ್ತೀನಿ. ಏನಾದ್ರೂ ಓದಿ."

ದನಿಯ ಮಟ್ಟ ಅಳೆಯಲು ಕಲಾವಿದರು ಕಣ್ಣಿಗೆ ಬಿದ್ದದ್ದನ್ನು ಓದುತ್ತಾರೆ. ಹಿನಾಳ ಕಣ್ಣಿಗೆ ಬಿದ್ದದ್ದು ಹಾಳೆಯ ಕೊನೆ.

"ಪ್ರಕಾಶ್ ಸರ್, ಸಾಮಿಯಾತಾಳ್ ಅಜ್ಜಿಯ ದನಿಯನ್ನು ರೋಬೋಗಳಿಗೆ ಹಾಕಲು ನನ್ನ ಒಪ್ಪಿಗೆ ಇಲ್ಲ. ಅದು ಮುದುಕಿಯ ಪಾತ್ರಕ್ಕೆ ಮಾತ್ರ. ಗೈಡ್ ಎಂದು ಅಳಿಸಬಾರದು, ಅದೇ ಕೊನೆಯ ದನಿಯಾಗಬೇಕು. ಇಲ್ಲವಾದರೆ ಇಪ್ಪತ್ತಾರು ಕಂತುಗಳಿಂದಲೂ ನನ್ನ ಹೆಸರು ತೆಗೆಯಿರಿ. ಗೋಕಿಲಾಗೆ ನಾನು ಮಾತು ಕೊಟ್ಟಿದ್ದೇನೆ..." ಹಿನಾ ತಲೆಯೆತ್ತಿದಳು. "ಇದು ಡೈಲಾಗ್ ಅಲ್ವಲ್ಲಾ? ಲೆವೆಲ್ ಸಾಕಾ? ಏಯ್, ಗೋಕಿಲಾ?"

ಗೋಕಿಲಾ ಹೆಡ್‌ಫೋನ್ ತೆಗೆದಿಟ್ಟಳು. ರುಜು ನೋಡಿದೆ, ಮಾತು ಓದಲಿಲ್ಲ... ಓದಲಾರೆ ಅಂತ ಹೇಳಲೂ ಇಲ್ಲ!

ನೇರ ನಿರ್ದೇಶಕ ಪ್ರಕಾಶನ ಕೋಣೆಗೆ ನಡೆದಳು.

"ನಮ್ಮ ಅಮ್ಮುಚ್ಚಿ ದನೀನ ರೋಬೋಗೆ ಹಾಕಿದ್ದು ನೀವು."

"ತಮಾಷೆಯಾಗಿದೆ ಅಲ್ವಾ? ಮಕ್ಕಳು ಬಿದ್ದು ಬಿದ್ದು ನಗ್ತಾರೆ. ಅಷ್ಟಕ್ಕೂ ಅದು ಗೈಡ್ ಕಣಮ್ಮಾ."

"ಅವರು ಒಪ್ಪಿದ್ದು ಗ್ರಹ ಕಾಯೋ ಮುದುಕಿಗೆ. ತಗಡಿಗಲ್ಲ! ಅವರ ಮಾತು ಅವರ ಜಾಗದಲ್ಲಿ ಇದ್ರೆ ಸೋಮವಾರ ಕಂತು ಕೊಡ್ತೀನಿ. ಇಲ್ದಿದ್ರೆ ದನಿ ಎಲ್ಲ ಸೇರಿಸೋ ಮಿಕ್ಸ್ ನೀವೇ ಮಾಡ್ಕೊಳ್ಳಿ."

ಪ್ರಕಾಶ ಗಾಜಿನಾಚೆ ಮಿನುಗುತ್ತಿದ್ದ ನೂರಾರು ಗುಂಡಿಗಳನ್ನು ನೋಡಿದ. ಎದುರು ನಿಂತ ಹುಡುಗಿಯ ಕಣ್ಣು ನೋಡಿದ.

"ಸರಿ ಮಾರಾಯ್ತಿ. ಮುದುಕಿಗೇ ಹಾಕು."

ಗೆದ್ದಳು. ಆದರೆ ಜೀವನ್‌ನ ಫೋನ್ ಸಂಜೆಯವರೆಗೂ ಸ್ವಿಚ್ ಆಫ್.

ಭಾನುವಾರ ಬೆಳಿಗ್ಗೆ ರೆಕಾರ್ಡರ್ ಹಿಡಿದು ಅವಳು ಧಾರಾಪುರದ ಬಸ್ ಹತ್ತಿದಳು. ಅಮ್ಮುಚ್ಚಿಯ ಅಂಗಳಕ್ಕೆ ಕಾಲಿಟ್ಟವಳು ನಿಂತುಬಿಟ್ಟಳು. ಹಗ್ಗದ ಮಂಚದ ತುದಿಯಲ್ಲಿ ಜೀವನ್ ಕೂತಿದ್ದ!

"ಬಾ ಕಣ್ಣು," ಎಂದರು ಸಾಮಿಯಾತಾಳ್. "ಇವ ಬೆಳಿಗ್ಗೆಯಿಂದ ಮನ್ನಿಪ್ಪು ಕೇಳ್ತಾನೆ. ಏನ್ ತಪ್ಪು ಮಾಡ್ದೆ ಅಂದ್ರೆ ನಾ ಮಾಡ್ಲಿಲ್ಲ ಅಂತಾನೆ. ಮಾಡದ ತಪ್ಪಿಗೆ ಯಾವನಾದ್ರೂ ಬಸ್ ಹತ್ತಿ ಬತ್ತಾನಾ? ಪೈತ್ಯ, ಪೂರಾ ಹುಚ್ಚು!"

ಜೀವನ್ ಎದ್ದ. "ನೀನು ಬರ್ತೀಯ ಅಂತ ಗೊತ್ತಿರಲಿಲ್ಲ. ಹೋಗ್ತೀನಿ."

"ಕೂತ್ಕೋ!" ಕಿರುಚಿದಳು ಗೋಕಿಲಾ. "ನಂಗೆ ಕನ್ನಡ ಓದಕ್ಕೆ ಬರಲ್ಲ."

ಅವನು ಅರ್ಥವಾಗದೆ ನೋಡಿದ.

"ಒಂದಕ್ಷರವೂ ಬರಲ್ಲ. ನಮ್ಮ ಮನೇಲಿ ಯಾರಿಗೂ ಬರಲ್ಲ. ಹಿನಾ ಅಕ್ಕ ಓದಿದ್ರು, ಆಗ ಗೊತ್ತಾಯ್ತು."

ಅವನ ಮುಖದ ಬಣ್ಣ ಇಳಿಯಿತು. "ಅಂದ್ರೆ ನಾನು ಮೊನ್ನೆ... ಎಲ್ಲರ ಎದುರು... ಅಯ್ಯೋ! ಹೇಳಬಹುದಿತ್ತಲ್ಲ ಗೋಕಿಲಾ!"

"ನೀ ಕೇಳಬಹುದಿತ್ತಲ್ಲ!"

"ಕನ್ನಡ ಮಾತಾಡೋರೆಲ್ಲ ಓದ್ತಾರೆ ಅಂದ್ಕೊಂಡಿದ್ದೆ!"

"ಅಂದ್ಕೊಂಡಿದ್ದೇ ತಪ್ಪು!"

"ರುಜು ನೋಡಿ ನಾನೇ ಮಾಡಿದ್ದು ಅಂದಿದ್ದು?"

ಅವಳು ರೆಕಾರ್ಡರನ್ನು ಮಂಚದ ಮೇಲಿಟ್ಟಳು. "ಅದು... ನನ್ನ ತಪ್ಪು. ನಿನ್ನ ಮೇಲೆ ಅಷ್ಟು ನಂಬಿಕೆ ಇಟ್ಟಿದ್ದೆ ಜೀವನ್. ಅದಕ್ಕೇ ಅಷ್ಟು ಸಿಟ್ಟು ಬಂತು."

ಸಾಮಿಯಾತಾಳ್ ಇಬ್ಬರನ್ನೂ ನೋಡಿ ನಿಟ್ಟುಸಿರಿಟ್ಟರು. "ಸಂಡೆ ಮುಗೀತಾ, ನಿಮ್ಮ ಜಗಳ? ಈ ಪೆಟ್ಟಿಗೆ ಯಾಕ್ ತಂದೆ?"

"ನಿನ್ನ ಮಾತೇ ಕೊನೇದು ಅಂತ ಆಯ್ತು ಅಮ್ಮುಚ್ಚಿ. ಅದರ ಅಡಿಗೆ ಹಾಸಕ್ಕೆ ಈ ಅಂಗಳದ ಮೌನ ಬೇಕು, ಇಲ್ದಿದ್ರೆ ಮಾತಿನ ನಡುವೆ ಓಟೆ ಬಿದ್ದಂಗೆ ಕೇಳ್ತೈತೆ. ಮೂವತ್ತು ಸೆಕೆಂಡು ಯಾರೂ ಪೇಸಬಾರದು."

ರೆಕಾರ್ಡರ್ ಶುರುವಾಯಿತು. ಬೇವಿನೆಲೆ ಅಲ್ಲಾಡಿತು. ದೂರದಲ್ಲಿ ಒಂದು ಟ್ರ್ಯಾಕ್ಟರ್. ಎದುರು ಕೂತ ಜೀವನ್‌ನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಅವಳು ಅಂಕಿಗಳನ್ನೇ ನೋಡಲು ಯತ್ನಿಸಿದಳು. ಹದಿನೇಳು... ಹದಿನೆಂಟು... ಹತ್ತೊಂಬತ್ತು...

"ನಿನ್ನನ್ನ ಪ್ರೀತಿಸ್ತೀನಿ ಗೋಕಿಲಾ."

"ಅಯ್ಯೋ, ಕೆಡಿಸಿದೆಯಲ್ಲ!"

"ಇನ್ನೊಂದು ಟೇಕ್ ಮಾಡೋಣ."

"ಯಾವುದನ್ನ? ಮೌನಾನಾ, ಮಾತನ್ನಾ?"

"ನೀನೇ ಹೇಳು."

"ಮಾತನ್ನ," ಎಂದಳು ಅವಳು, ಸಿಟ್ಟಿನಲ್ಲೇ, ಕಣ್ಣೊರೆಸಿಕೊಳ್ಳುತ್ತಾ. "ಮೌನ ಇಷ್ಟೇ ಸಾಕು. ಹಿಗ್ಗಿಸ್ಕೋತೀನಿ."

ಹದಿನಾಲ್ಕನೇ ಕಂತಿಗೆ ಆ ಅಂಗಳದಿಂದ ಸಿಕ್ಕ ಮೌನ ಹತ್ತೊಂಬತ್ತು ಸೆಕೆಂಡು.