ನಲವತ್ತೊಂದನೇ ರೋಗಿ

೨೦೨೧ರ ಮೇ ೨೪, ಬೆಳಿಗ್ಗೆ ೧೦.೨೦. ವಡಾಲದ ಪೊಲೀಸ್ ಠಾಣೆಗೆ ಸೋಮವ್ವ ಎರಡು ಕಾಗದ ಹಿಡಿದು ಬಂದಳು. ಒಂದು, ಗಂಡ ರಾಮಪ್ಪನಿಗೆ ಕೊರೊನಾದ ಹೊಸ ಗುಳಿಗೆ ಕೊಡುವ ಮುನ್ನ ಆಸ್ಪತ್ರೆಯವರು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡ ಒಪ್ಪಿಗೆ ಪತ್ರ. ರೋಗಿ ಸಂಖ್ಯೆ ೪೧. ಇನ್ನೊಂದು, ಆ ಗುಳಿಗೆಯ ಬಗ್ಗೆ ಅಲ್ಲಿನ ಡಾಕ್ಟರ್ ವಸಿಷ್ಠ ಅಂತರ್ಜಾಲದಲ್ಲಿ ಹಾಕಿದ್ದ ಸಂಶೋಧನಾ ಲೇಖನ. ದಹಿಸರ್‌ನ ಔಷಧ ಅಂಗಡಿಯಲ್ಲಿ ಕೆಲಸಕ್ಕಿರುವ ಮಗಳು ಸಪ್ನಾ ಅದನ್ನು ಪ್ರಿಂಟ್ ತೆಗೆದುಕೊಟ್ಟಿದ್ದಳು. ಗಿರಾಕಿಗಳು ಆ ಲೇಖನ ತೋರಿಸಿಯೇ ಗುಳಿಗೆ ಕೇಳುತ್ತಿದ್ದರು.

"ನನ್ನ ಗಂಡ ಸತ್ತು ಹನ್ನೆರಡ ದಿನ ಆತ್ರಿ ಸಾಹೇಬ್ರ. ಇದರಾಗ ನಲವತ್ತೊಂದನೇ ನಂಬರ್ ಅರಾಮ ಆಗ್ಯಾನಂತ ಬರದಾರ. ಈಗ ಸಾಂತಾಕ್ರೂಜದಾಗ ನನ್ನ ತಮ್ಮ ಧರ್ಮಣ್ಣಗೂ ಇದ ಗುಳಿಗಿ ಚಾಲೂ ಮಾಡ್ಯಾರ್ರಿ."

ಇನ್ಸ್‌ಪೆಕ್ಟರ್ ಕಾಶಿನಾಥ ಸೊಲ್ಲಾಪುರದ ಕಡೆಯವರು. ಸೋಮವ್ವನ ಮಾತಿಗೆ ದುಭಾಷಿ ಬೇಕಾಗಲಿಲ್ಲ. ಮೊದಲು ಸಾಂತಾಕ್ರೂಜ್‌ನ ಆಸ್ಪತ್ರೆಗೆ ಫೋನ್ ಮಾಡಿದರು. ಲೇಖನವೇ ಬಂದಿದೆಯಲ್ಲ, ಸಾವಿನ ದಾಖಲೆ ಇದ್ದರೆ ಕಳಿಸಿ, ನೋಡುತ್ತೇವೆ ಎಂದರು ಅಲ್ಲಿನ ವೈದ್ಯರು. ಆದರೆ ಲೇಖನ ಬಂದದ್ದು, ಬೇರೆ ತಜ್ಞರು ಪರಿಶೀಲಿಸುವ ಮುನ್ನವೇ ಹಾಕಿಬಿಡಬಹುದಾದ ಜಾಲತಾಣದಲ್ಲಿ. ಆ ವರ್ಷ ಬರೆಯುವವರಿಗೂ ಅವಸರ, ನಂಬುವವರಿಗೂ ಅವಸರ.

೧೧.೪೫ಕ್ಕೆ ಎಫ್‌ಐಆರ್ ಆಯಿತು. ಒಂದು ಗಂಟೆಗೆ ವಸಿಷ್ಠರ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಪಂಚನಾಮೆ. ರಾಮಪ್ಪನಿಗೆ ಗುಳಿಗೆ ಶುರುವಾದದ್ದು ಮೇ ೩ಕ್ಕೆ. ಸಾವು ಮೇ ೧೨, ಬೆಳಿಗ್ಗೆ ೬.೧೦. ಆದರೆ ಅವನದೇ ಕಡತದಲ್ಲಿ ಹದಿನಾಲ್ಕನೇ ದಿನದ ತಪಾಸಣಾ ಹಾಳೆಯೂ ಇತ್ತು: 'ಗುಣಮುಖ', ಕೆಳಗೆ ವಸಿಷ್ಠರ ಸಹಿ.

ಕಾನ್‌ಸ್ಟೇಬಲ್ ಶರಣಬಸಪ್ಪ ಬೆರಳು ಮಡಚಿ ಎಣಿಸಿದ. "ಸಾಹೇಬ್ರ, ಹದಿನಾಲ್ಕನೇ ದಿನ ಅಂದ್ರ ಹದಿನಾರನೇ ತಾರೀಖು. ಲೇಖನ ಹಾಕಿದ್ದು ಹತ್ತಕ್ಕ!"

ಸಾವಿನ ದಾಖಲೆಯ ಫೋಟೊವನ್ನು ಆಗಲೇ ಸಾಂತಾಕ್ರೂಜ್‌ಗೆ ಕಳಿಸಿ, ಕಾಶಿನಾಥ ವಸಿಷ್ಠರ ಎದುರು ಕುಳಿತರು.

"ಹತ್ತಕ್ಕೆ ರಾಮಪ್ಪ ಹೇಗಿದ್ದ?"

"ಆಕ್ಸಿಜನ್ ಮೇಲಿದ್ರು."

"ಹದಿನಾರರ ಫಲಿತಾಂಶ ಹತ್ತಕ್ಕೇ ಹೇಗೆ ಬರೆದಿರಿ?"

"ಮೊದಲ ನಲವತ್ತು ಜನರಲ್ಲಿ ಮೂವತ್ತೇಳು ಜನ ಹುಷಾರಾಗಿದ್ರು. ಉಳಿದ ಇಪ್ಪತ್ತು ಜನರೂ ಆಗ್ತಾರೆ ಅಂದ್ಕೊಂಡೆ."

"ಸತ್ತ ಮೇಲೆ ಯಾಕೆ ತಿದ್ದಲಿಲ್ಲ?"

ವಸಿಷ್ಠ ಮಾಸ್ಕ್ ಸರಿಮಾಡಿಕೊಂಡರು. "ಅಷ್ಟು ಹೊತ್ತಿಗೆ ಮೂವತ್ತು ಸಾವಿರ ಜನ ಓದಿಬಿಟ್ಟಿದ್ರು."

ಆ ಕೊನೆಯ ಇಪ್ಪತ್ತು ಮಂದಿಯಲ್ಲಿ ಏಳು ಮಂದಿ ತೀರಿಕೊಂಡಿದ್ದರು. ೪.೩೦ಕ್ಕೆ ಬಂಧನವಾಯಿತು. ಜೀಪಿನಲ್ಲಿ ವಸಿಷ್ಠ ತಾವಾಗಿಯೇ ಹೇಳಿದರು. ಹಿಂದಿನ ವರ್ಷ ಎಲ್ಲವನ್ನೂ ಸರಿಯಾಗಿ ಮುಗಿಸಿ ಒಂದು ಲೇಖನವನ್ನು ವೈದ್ಯಕೀಯ ಪತ್ರಿಕೆಗೆ ಕಳಿಸಿದ್ದರಂತೆ. ಎಂಟು ತಿಂಗಳ ಮೇಲೆ ಅದು ಮರಳಿತು. ಇದರಲ್ಲಿ ಹೊಸದೇನಿಲ್ಲ, ಬೇರೆಯವರು ಆಗಲೇ ಪ್ರಕಟಿಸಿದ್ದಾರೆ ಎಂಬ ಎರಡು ಸಾಲಿನೊಂದಿಗೆ. ಕಾಶಿನಾಥರಿಗೆ ಮರುಕವೂ ಆಯಿತು, ಸಿಟ್ಟೂ ಬಂತು.

ಠಾಣೆಯಲ್ಲಿ ಸೋಮವ್ವ ಕಾಯುತ್ತಿದ್ದಳು. ಧರ್ಮಣ್ಣನ ಗುಳಿಗೆ ನಿಲ್ಲಿಸಿದರೆಂದು ಸಪ್ನಾ ಫೋನ್ ಮಾಡಿದ್ದಳು. ಶರಣಬಸಪ್ಪ ಹೇಳಿಕೆಯ ಕಾಗದದ ಜೊತೆ ಶಾಯಿಪ್ಯಾಡ್ ಮುಂದಿಟ್ಟ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಆವತ್ತ ದವಾಖಾನ್ಯಾಗ ಓದಿಸ್ಕೊಳ್ದ ಒತ್ತಿದ್ನಿರಿ. ಇವತ್ತ ಓದ್ರಿ."

ಮರಾಠಿಯ ಹೇಳಿಕೆಯನ್ನು ಕಾಶಿನಾಥ ಕನ್ನಡದಲ್ಲಿ ಓದಿದರು. "ನನ್ನ ಗಂಡ ರಾಮಪ್ಪ ಮೇ ಹನ್ನೆರಡರಂದು ಬೆಳಿಗ್ಗೆ ತೀರಿಕೊಂಡ."

"ಇನ್ನೊಮ್ಮಿ ಓದ್ರಿ."

ಅವರು ಇನ್ನೊಮ್ಮೆ ಓದಿದರು. ಸೋಮವ್ವ ಹೆಬ್ಬೆಟ್ಟು ಒತ್ತಿದಳು.