ಪೆಟ್ಟಿಗೆಯೊಳಗಿಲ್ಲದ ದೋಷ

ತ್ರಿವೇಣಿ ಅದೇ ಸ್ಪೀಕರನ್ನು ಮೂರನೆಯ ಸಲ ಹೊತ್ತು ತಂದಾಗ ಕದಿರೇಶನಿಗೆ ಒಳಗೊಳಗೇ ಖುಷಿಯಾಯಿತು. ಸ್ಪೀಕರಿಗೆ ಏನೂ ಆಗಿಲ್ಲ, ನನ್ನನ್ನು ನೋಡುವುದಕ್ಕೇ ಬರುತ್ತಿದ್ದಾಳೆ ಎಂದುಕೊಂಡ. ಮುಳಬಾಗಿಲಿನಲ್ಲಿ ಸೌಂಡ್ ರಿಪೇರಿ ಅಂಗಡಿ ಇಟ್ಟು ಎಂಟು ವರ್ಷವಾಗಿತ್ತು. ಬೇರಾವ ಗಿರಾಕಿಗಾಗಿಯೂ ಅವನು ಶರ್ಟಿಗೆ ಇಸ್ತ್ರಿ ಹಾಕಿದವನಲ್ಲ.

"ಮತ್ತೇನಾಯ್ತು ಮೇಡಂ?"

"ಇದ್ರಲ್ಲಿ ತಂಬೂರಿ ಶ್ರುತಿ ಹಾಕಿದ್ರೆ ಮಬ್ಬು ಮಬ್ಬು ಕಣ್ರೀ. ಮಕ್ಕಳಿಗೆ ಸಂಗೀತ ಹೇಗೆ ಹೇಳ್ಕೊಡ್ಲಿ? ನೀವು ರಿಪೇರಿ ಮಾಡ್ತೀರೋ, ಧೂಳು ಒರೆಸಿ ಕೊಡ್ತೀರೋ?"

ಕಣ್ಣಂಚಿನಲ್ಲಿ ನಗು. ಅವನು ಮಾತಾಡುವಾಗ ಅವನ ತುಟಿಗಳನ್ನೇ ನೋಡುತ್ತಾಳೆ. ಅದಕ್ಕೇ ಅವನಿಗೆ ಮಾತು ತಡವರಿಸುವುದು.

"ಇವತ್ತು ಹೊಟ್ಟೆ ಬಗೆದೇ ನೋಡ್ತೀನಿ. ಕೂತ್ಕೊಳ್ಳಿ."

ಪೆಟ್ಟಿಗೆಯನ್ನು ಎಲ್ಲ ಕಡೆ ಅಂಟು ಹಾಕಿ ಮುಚ್ಚಿದ್ದರು. ಮುಂದಿನ ಸ್ಕ್ರೂ ಬಿಚ್ಚಿ, ಸ್ಪೀಕರ್ ಕೋನ್ ಹೊರತೆಗೆದು, ಆ ತೂತಿನಲ್ಲೇ ಕೈ ತೂರಿಸಿದ. ಒಳಗೆ ಬರೀ ಬೋಳು ಹಲಗೆ. ಅದುರದಂತೆ ಅಡ್ಡಕ್ಕೊಂದು ಮರದ ಪಟ್ಟಿ ಕೂರಿಸಿದ. ಹಲಗೆಗಳಿಗೆ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿ, ದಿಂಬಿನ ಹತ್ತಿ ಹಿಂಜಿ ಸಡಿಲವಾಗಿ ತುಂಬಿದ. ಹತ್ತಿ ಮೀಸೆಗೂ ಮೆತ್ತಿಕೊಂಡಿತು.

"ಅಯ್ಯೋ, ಒಂದೇ ಗಂಟೇಲಿ ಮುದುಕ್ರಾಗ್ಬಿಟ್ರಿ!" ಎಂದು ನಕ್ಕಳು.

ಗಾಳಿ ಆಡದಂತೆ ಅಂಚಿಗೆ ಫೋಮ್ ಟೇಪ್ ಹಾಕಿ, ಸ್ಕ್ರೂ ಬಿಗಿದು, ಮೊಬೈಲಿನಿಂದ ಶ್ರುತಿ ಹಚ್ಚಿದ. ತಂಬೂರಿಯ ತಂತಿ ತಂತಿಯೂ ಬಿಡಿಬಿಡಿಯಾಗಿ ಕೇಳಿಸಿತು. ಪಕ್ಕದ ಟೀ ಅಂಗಡಿಯ ಗಂಗುಲಪ್ಪ ಇಣುಕಿ, "ಚಾಲಾ ಬಾಗುಂದಿ ಕಣಪ್ಪ! ಎದುರಿಗೆ ಕೂತು ನುಡಿಸ್ದಂಗೈತೆ" ಎಂದು ತೆಲುಗು ಬೆರೆಸಿ ಹೊಗಳಿ ಹೋದ.

ತ್ರಿವೇಣಿ ಪೆಟ್ಟಿಗೆಗೆ ಕಿವಿ ಹಚ್ಚಿದಳು. ಅವಳ ನಗು ನಿಂತಿತು. "ಹಂಗೇ ಇದೆ."

ಕದಿರೇಶ ಶ್ರುತಿ ನಿಲ್ಲಿಸಿದ. ಅವಳ ಬೆನ್ನ ಹಿಂದೆ ನಿಂತು, ಮೊದಲ ಸಲ ಮೇಡಂ ಬಿಟ್ಟು, "ತ್ರಿವೇಣಿ" ಎಂದ. ಅವಳು ತಿರುಗಲಿಲ್ಲ. ಇನ್ನಷ್ಟು ಗಟ್ಟಿಯಾಗಿ ಕರೆದ. ತಿರುಗಲಿಲ್ಲ.

ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತ. "ಮೇಡಂ, ಪೆಟ್ಟಿಗೆ ಸರಿಯಾಗೇ ಇದೆ."

ಅವಳ ಕಣ್ಣು ತುಂಬಿತು. "ಗೊತ್ತು. ಕೋಲಾರದ ಡಾಕ್ಟ್ರು ಹೇಳಿ ಆರು ತಿಂಗಳಾಯ್ತು. ಕಿವಿ ನರ ಸೋತಿದೆಯಂತೆ, ದಿನಾ ಕಮ್ಮಿಯಾಗ್ತಾನೇ ಹೋಗುತ್ತಂತೆ. ಸ್ಪೀಕರೇ ಕೆಟ್ಟಿದೆ ಅಂತ ನೀವೊಬ್ರು ಅಂದ್ಬಿಟ್ರೆ ಸಾಕು ಅನ್ನಿಸ್ತಿತ್ತು ನಂಗೆ."

ಎಂಥೆಂಥ ಪೆಟ್ಟಿಗೆಗಳನ್ನೋ ಬಿಚ್ಚಿ ಸರಿಮಾಡಿದ ಕೈಗಳು ಸುಮ್ಮನೆ ಮಂಡಿಯ ಮೇಲೆ ಬಿದ್ದಿದ್ದವು. ಇವಳಿಗಾಗಿ ಅವಕ್ಕೆ ಮಾಡಲು ಏನೂ ಇರಲಿಲ್ಲ.

"ನನ್ ಕೈಲಿ ಏನೂ ಆಗಲ್ಲ ತ್ರಿವೇಣಿ," ಎಂದ. "ಆದ್ರೆ ನಂಗೆ ನೀವಂದ್ರೆ ಪ್ರಾಣ. ಜೊತೇಲಿರ್ತೀನಿ. ಅದೊಂದಾಗುತ್ತೆ."

"ಪೂರ್ತಿ ಕೇಳಿಸ್ದೇ ಹೋದ್ರೆ?"

"ಎದುರಿಗೆ ಕೂತು ಹೇಳ್ತೀನಿ."

"ಜಗಳ ಆಡ್ದಾಗ?"

"ಆಗ್ಲೂ ಎದುರಿಗೇ."

ಅಳುವಿನ ನಡುವೆಯೇ ನಕ್ಕುಬಿಟ್ಟಳು. ಆಮೇಲೆ ಮೆಲ್ಲಗೆ ಕೈ ಚಾಚಿ, ಅವನ ಗಂಟಲ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿಕೊಂಡಳು.

"ಇನ್ನೊಂದ್ಸಲ ಹೇಳಿ."

ಹೇಳಿದ. ಅವಳ ಬೆರಳಡಿಯಲ್ಲಿ ಅವನ ದನಿ ನಡುಗಿತು.

"ಹ್ಞೂಂ," ಎಂದಳು ತ್ರಿವೇಣಿ.