ಸೂಗಮ್ಮ ಕಾಕಿಯ ತಮಿಳು ಹಾಡು

ಮಾತು ಪಕ್ಕಾ ಆಯಿತೆಂದು ನಿಶ್ಚಯದ ಸಕ್ಕರೆ ಪುಡಿ ಇನ್ನೇನು ರೂಪಾಲಿಯ ಉಡಿಗೆ ಬೀಳಬೇಕು... ನೋಡಲು ಬಂದಿದ್ದ ಗಂಡು ಅಜೀತ ಎದ್ದು ನಿಂತುಬಿಟ್ಟ!

"ಸದ್ಯ ಇದು ಬ್ಯಾಡ್ರಿ" ಎಂದವನೇ ಚಪ್ಪಲಿ ಮೆಟ್ಟಿ ಹೊರಟೇಹೋದ.

ಚಹಾ ಕೊಡುವಾಗ ರೂಪಾಲಿ ಅವನನ್ನು ಒಂದೇ ಸಲ ಕಣ್ಣೆತ್ತಿ ನೋಡಿದ್ದಳು. ಅಷ್ಟಕ್ಕೇ ಮನಸ್ಸು ಸೋತಿತ್ತು. ಆದರೆ ಅವಳನ್ನು ಕೇಳಿದವರು ಯಾರು? ಬಸವಕಲ್ಯಾಣದ ಆ ಮನೆಯಲ್ಲಿ ಹುಡುಗಿ ತಲೆ ತಗ್ಗಿಸಿ ಸುಮ್ಮನೆ ಕೂತರೆ ಒಪ್ಪಿದಳೆಂದೇ ಲೆಕ್ಕ.

'ನನ್ನಲ್ಲಿ ಏನು ಕಡಿಮೆ ಕಂಡಿತು ಅವರಿಗೆ...?'

ಕಪ್ಪು-ಬಸಿ ತೊಳೆಯುತ್ತಿದ್ದಂತೆ, ಚಹಾ ಕುದಿಸುವಾಗ ಗುನುಗಿದ್ದ ಅದೇ ಹಾಡು ಮತ್ತೆ ಅವಳ ಬಾಯಿಗೆ ಬಂತು. ತೀರಿಹೋದ ಚಿಕ್ಕಮ್ಮ, ಸೂಗಮ್ಮ ಕಾಕಿಯ ಹಾಡು. ಹೈವೇ ಮೇಲಿನ ಕಾಕಾನ ಧಾಬಾದಲ್ಲಿ ರೊಟ್ಟಿ ಬಡಿಯುತ್ತಾ, ತಮಿಳುನಾಡಿನ ಲಾರಿಗಳಿಂದ ಕೇಳಿ ಕಾಕಿ ಕಲಿತ ಸಿನಿಮಾ ಹಾಡದು. ಮನೆಯಲ್ಲಿ ಯಾರಿಗೂ ಅರ್ಥ ಗೊತ್ತಿರಲಿಲ್ಲ. ರೂಪಾಲಿ ಅದನ್ನು ಗುನುಗಿದಾಗಲೆಲ್ಲ ಬೆನ್ನ ಹಿಂದೆ ಯಾರೋ ನಿಂತು ಕೇಳಿಸಿಕೊಂಡಂತಾಗುತ್ತಿತ್ತು. ಇವತ್ತಂತೂ ತಿರುಗಿ ನೋಡಲು ಅವಳಿಗೆ ಧೈರ್ಯವೇ ಆಗಲಿಲ್ಲ.

ಮರುದಿನ ಅವಳು ಯಾರಿಗೂ ಹೇಳದೆ ಹುಮನಾಬಾದಿನ ಬಸ್ ಹತ್ತಿದಳು. ಅಜೀತ ಕೆಲಸ ಮಾಡುವ ಔಷಧಿ ಕಾರ್ಖಾನೆಯ ಗೇಟಿನ ಮುಂದೆ ನಿಂತಳು. ಶಿಫ್ಟ್ ಮುಗಿಸಿ ಬಂದವನು ಅವಳನ್ನು ಕಂಡು ಗಾಬರಿಯಾದ.

"ಯಾಕ ಎದ್ದು ಹೋದ್ರಿ?" ನೇರವಾಗಿಯೇ ಕೇಳಿದಳು.

"ಚಹಾ ಮಾಡುವಾಗ ನೀವು ಒಳಗ ಹಾಡಾಕತ್ತಿದ್ರಿ. ನನ್ನ ರೂಮಿನವರು ತಮಿಳರು, ನನಗ ಅರ್ಥ ಆಗ್ತದ. 'ನನ್ನ ಕೇಳದೆ ನನ್ನ ಲಗ್ನ ಮಾಡಬ್ಯಾಡ್ರಿ, ನಾ ಒಪ್ಪಿದವನೇ ನನ್ನ ಗಂಡ' ಅಂತ ಹಾಡ್ತಾಳ ಆ ಸಿನಿಮಾದ ಹುಡುಗಿ. ನಿಮಗ ಮನಸ್ಸಿಲ್ಲ ಅಂತ ತಿಳಕೊಂಡೆ."

ರೂಪಾಲಿಗೆ ಕಾಕಿಯ ಲಗ್ನದ ಕಥೆ ನೆನಪಾಯಿತು.

ಮದುವೆಯಾಗಿ ಬಂದ ದಿನ ಕಾಕಿ ಅತ್ತೂ ಅತ್ತೂ ಸೋತಿದ್ದಳಂತೆ. ತವರು ಬಿಟ್ಟ ದುಃಖವೆಂದು ಎಲ್ಲರೂ ನಕ್ಕಿದ್ದರಂತೆ. ಯಾವುದೋ ಡ್ರೈವರನ ಹತ್ತಿರ ಅವಳು ಹಾಡಿನ ಅರ್ಥ ಕೇಳಿಯೇ ಇರಬೇಕು... ತನ್ನನ್ನು ಯಾರೂ ಕೇಳಲಿಲ್ಲವೆಂದು ಬದುಕಿಡೀ ಎಲ್ಲರೆದುರೇ ಹಾಡಿ ಹೇಳಿದಳು. ಯಾರಿಗೂ ತಿಳಿಯಲಿಲ್ಲ.

'ಕಾಕಿ, ಅದಕ್ಕೇ ನನಗೆ ಕಲಿಸಿದೆಯಾ?'

ರೂಪಾಲಿ ಕಣ್ಣೊರೆಸಿಕೊಂಡಳು. "ಹಂಗಾರ ನೀವಾದ್ರೂ ಕೇಳ್ರಿ. ಯಾರೂ ಕೇಳಿಲ್ಲ ನನಗ."

ಅಜೀತ ಒಂದು ಹೆಜ್ಜೆ ಹತ್ತಿರ ಬಂದ. "ರೂಪಾಲಿ... ನನ್ನ ಲಗ್ನ ಆಗ್ತೀರೇನು?"

"ಆಗ್ತೀನಿ. ಆದ್ರ ನಮ್ಮ ಮನ್ಯಾಗ ನೀವು ಏನೂ ಹೇಳಬ್ಯಾಡ್ರಿ. ಅಪ್ಪಗ ನಾನೇ ಹೇಳ್ತೀನಿ, ಎಲ್ಲರ ಮುಂದ."

ಅವನು ಬಸ್‌ಸ್ಟ್ಯಾಂಡಿನವರೆಗೂ ಬಂದ. ಸೀಟು ಹಿಡಿದ ರೂಪಾಲಿ ಕಿಟಕಿಯ ಕಡೆ ಒತ್ತಿ ಕೂತು ಪಕ್ಕದಲ್ಲಿ ಜಾಗ ಬಿಟ್ಟಳು. ಬೆನ್ನ ಹಿಂದೆ ಯಾರಿದ್ದಾರೋ ಎಂಬ ಅಂಜಿಕೆ ಹೋಗಿತ್ತು. ಹಾಡು ತಾನಾಗಿಯೇ ತುಟಿಗೆ ಬಂತು.

ಕಿಟಕಿಯ ಕೆಳಗೆ ನಿಂತಿದ್ದ ಅಜೀತ ಕೇಳಿದ, "ಒಬ್ಬರೇ ಹೋಗ್ತೀರೇನು? ನಾ ಬರ್ಲೇನು ಜೋಡಿ?"

"ಬ್ಯಾಡ್ರಿ," ಖಾಲಿ ಸೀಟಿನ ಮೇಲೆ ಮೆಲ್ಲಗೆ ಕೈಯಿಟ್ಟಳು ರೂಪಾಲಿ. "ನಮ್ಮ ಕಾಕಿ ಅದಾಳ."